ಕೊಸರು ಯಾವಾಗ ಕೊಡ್ತಾರೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಊರು ಬಿಟ್ಟು ಬಂದವರದ್ದು. ಹಾಗಾಗಿ ಆಸ್ತಿ ಪಾಲು, ಅತ್ತೆ ಜಗಳ, ಜಾತಕ ಕೂಡದ ಮದುವೆ ಎಲ್ಲವನ್ನೂ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೀನಿ. ಅತ್ತೆಯಂದಿರು ಒಂದು ತಿಂಗಳು ಕಾಯಬಹುದು.

ಪ್ರಶ್ನೆ: ನಾನು ಕುಷ್ಟಗಿ ಕಡೆಯವಳು. ವಯಸ್ಸು 23. ಜನವರಿಯಲ್ಲಿ ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದೆ. ಪ್ರತಿ ಭಾನುವಾರ ಒಂದೊಂದು ಜಾಗ ನೋಡಿಕೊಂಡು ಬರ್ತೀನಿ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ, ಕಬ್ಬನ್ ಪಾರ್ಕ್, ಚರ್ಚ್ ಸ್ಟ್ರೀಟ್, ಮೂರು ಮಾಲ್ ಎಲ್ಲ ಆಯ್ತು. ಚೆನ್ನಾಗಿದೆ. ಆದರೂ ಸಂಜೆ ಪಿಜಿಗೆ ಬಂದರೆ ಯಾರದೋ ಮನೆಗೆ ನೆಂಟಳಾಗಿ ಬಂದ ಹಾಗೇ ಇದೆ. ನಿಮಗೆ ಇದು ನಮ್ಮೂರು ಅಂತ ಯಾವಾಗ ಅನ್ನಿಸಿತು?
— ನೆಂಟಳು, ವಿಜಯನಗರ

ಉತ್ತರ: ನಿನ್ನ ಪಟ್ಟಿ ಓದಿ ನಗು ಬಂತು ಮಗಳೇ. ನೀನು ಆರು ತಿಂಗಳಲ್ಲಿ ನೋಡಿದಷ್ಟು ಬೆಂಗಳೂರನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ. ಮಾಲ್ ಅಂತೂ ಒಂದೇ, ಅದೂ ಕಾಲು ಕೆಟ್ಟ ಮೇಲೆ, ಲಿಫ್ಟ್ ಇದೆ ಅಂತ.

ನಾನು ರಾಣೆಬೆನ್ನೂರಿಂದ ಬಂದದ್ದು 1989ರ ಜೂನ್‌ನಲ್ಲಿ. ಆಗಿನ್ನೂ ಮೀಟರ್ ಗೇಜ್ ರೈಲು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಹನುಮಂತನಗರದಲ್ಲಿ ಒಂದು ಮನೆಯ ಹಿಂದಿನ ರೂಮು, ಬಾಡಿಗೆ ತಿಂಗಳಿಗೆ 350 ರೂಪಾಯಿ. ಟೈಪಿಸ್ಟ್ ಕೆಲಸ. ಮೊದಲ ತಿಂಗಳು ನನಗೆ ಕನ್ನಡವೇ ತೊಡಕಾಯ್ತು ಅಂದರೆ ನಂಬ್ತೀಯಾ? ಅಂಗಡಿಯಲ್ಲಿ ಮಂಡಕ್ಕಿ ಕೇಳಿದರೆ ಅವನು ಮುಖ ನೋಡಿದ. ಬೆರಳು ಮಾಡಿ ತೋರಿಸಿದ ಮೇಲೆ "ಓ, ಪುರಿ" ಅಂದ. ಒಂದು ಹೋಟೆಲಿನಲ್ಲಿ ಕೇಸರಿಬಾತನ್ನು ನಮ್ಮ ಕಡೆಯ ಹೆಸರಲ್ಲೇ ಶಿರಾ ಅಂತ ಕೇಳಿಬಿಟ್ಟೆ. ಸಪ್ಲೈಯರ್ ಬಹಳ ವಿನಯದಿಂದ ಹೇಳಿದ: "ಶಿರಾ ಬಸ್ಸು ಮೆಜೆಸ್ಟಿಕ್‌ನಲ್ಲಿ ಸಿಗುತ್ತೆ ಮೇಡಂ."

ಶುಕ್ರವಾರ ದೇವರ ಫೋಟೋಕ್ಕೆ ಹೂ ತಪ್ಪಿಸಲ್ಲ ಅಂತ ಅವ್ವನಿಗೆ ಮಾತು ಕೊಟ್ಟಿದ್ದೆ. ಅದಕ್ಕೆ ಗಾಂಧಿಬಜಾರಿಗೆ ನಡೆದುಕೊಂಡು ಹೋಗ್ತಿದ್ದೆ. ಹೂವಿನವರು ಸಾಲಾಗಿ ಕೂತಿರ್ತಾರಲ್ಲ, ಒಂದೊಂದು ವಾರ ಒಬ್ಬೊಬ್ಬರ ಹತ್ತಿರ. ಎಲ್ಲಿ ನಾಲ್ಕಾಣೆ ಕಡಿಮೆಯೋ ಅಲ್ಲಿ. ನಾನೂ ಆಗ ನಿನ್ನ ಹಾಗೇ, ಊರು ಸುತ್ತೋ ನೆಂಟಳು. ಒಂದು ದಿನ ಜೋರು ಮಳೆ ಬಂತು. ಹತ್ತಿರ ಇದ್ದ ಒಬ್ಬಾಕೆಯ ಪ್ಲಾಸ್ಟಿಕ್ ಹೊದಿಕೆ ಕೆಳಗೆ ನುಗ್ಗಿದೆ. ನಿಂತ ತಪ್ಪಿಗೆ ಅವಳ ಹತ್ತಿರವೇ ಒಂದು ಮೊಳ ಕಾಕಡ ತಗೊಂಡೆ. ಮುಂದಿನ ವಾರವೂ ಅಲ್ಲೇ ಹೋದೆ. ಯಾಕೆ ಅಂತ ಗೊತ್ತಿಲ್ಲ.

ಆಕೆ ಗಿಡ್ಡಿ. ಮೊಳ ಅಂದರೆ ಮೊಣಕೈಯಿಂದ ನಡುಬೆರಳಿನ ತುದಿವರೆಗೆ ಅಲ್ವಾ, ಗಿಡ್ಡ ಕೈ ಅಂದರೆ ಗಿಡ್ಡ ಮೊಳ. ಪಕ್ಕದಾಕೆಯ ಕೈ ಉದ್ದ ಇತ್ತು, ರೇಟು ಒಂದೇ. ಪ್ರತಿ ವಾರ ಮನಸ್ಸಿನಲ್ಲೇ ಲೆಕ್ಕ ಹಾಕಿ ಹೊಟ್ಟೆ ಉರಿಸಿಕೊಳ್ತಿದ್ದೆ. ಆದರೂ ಅಲ್ಲೇ ಹೋಗ್ತಿದ್ದೆ. ನಾಲ್ಕನೇ ತಿಂಗಳೋ ಏನೋ, ಆಕೆ ಬೇರೆ ಯಾರ ಜೊತೆಗೋ ಚೌಕಾಸಿಯಲ್ಲಿ ಇದ್ದಳು. ಮಾತು ಅವರ ಜೊತೆ, ಕೈ ನನ್ನ ಹೂವಿನ ಮೇಲೆ. ಮೊಳ ಅಳೆದಳು. ಬಾಳೆನಾರು ಕತ್ತರಿಸೋ ಮೊದಲು ಬೆರಳು ಹಾಗೇ ಮುಂದಕ್ಕೆ ಜಾರಿತು. ಇನ್ನೊಂದು ನಾಲ್ಕು ಬೆರಳು. ಅಲ್ಲಿ ಕತ್ತರಿಸಿ, ನೀರು ಚಿಮುಕಿಸಿ, ಬಾಳೆ ಎಲೆ ತುಂಡಿನಲ್ಲಿ ಸುತ್ತಿ ಕೊಟ್ಟಳು. ನನ್ನ ಮುಖ ಸಹ ನೋಡಲಿಲ್ಲ.

ಕೊಸರು! ನಮ್ಮೂರ ಸಂತೆಯಲ್ಲಿ ಅವ್ವ ಇದಕ್ಕಾಗಿ ಯುದ್ಧವೇ ಮಾಡ್ತಿದ್ದಳು. ಇಲ್ಲಿ ನಾನು ಕೇಳಿರಲೂ ಇಲ್ಲ.

ಇನ್ನೂ ಇದೆ, ಕೇಳು. ಆಮೇಲೊಂದು ಶುಕ್ರವಾರ ಜ್ವರ ಬಂದು ಹೋಗಲಿಲ್ಲ. ಮರುವಾರ ಹೋದರೆ ಬೈಗುಳ: "ಯಾಕಮ್ಮ ಹೋದ್ವಾರ ಬರ್ಲಿಲ್ಲ? ನಿಂಗೆ ಅಂತ ಎತ್ತಿಟ್ಟಿದ್ದೆ, ಬಾಡೋಯ್ತು." ಬರೀ ಮುನ್ನೂರು ಕಿಲೋಮೀಟರಿನ ನನ್ನ ಊರು ಅಲ್ಲಿವರೆಗೆ ಬಹಳ ದೂರ ಅನ್ನಿಸ್ತಿತ್ತು. ಈ ಊರಿನಲ್ಲಿ ನಾನು ಬರದೇ ಇದ್ದದ್ದು ಒಬ್ಬರಿಗೆ ಗೊತ್ತಾಗಿತ್ತು. ಆಕೆ ಬಾಡಿದ ಹೂವಿಗೂ ದುಡ್ಡು ತಗೊಂಡಳು, ಬಿಡಲಿಲ್ಲ. ಅದೂ ನನಗೆ ಹಿತವಾಗೇ ಇತ್ತು. ನೆಂಟರ ಹತ್ತಿರ ಯಾರು ಹಾಗೆ ತಗೋತಾರೆ?

ನಮ್ಮ ಕಡೆ ದಿನಾ ಹಾಲು ಹಾಕಿಸಿಕೊಳ್ಳೋದಕ್ಕೆ ರತೀಬು ಅಂತಾರೆ. ಇಲ್ಲಿಯ ಹಳಬರು ವರ್ತನೆ ಅಂತಾರೆ. ವರ್ತನೆ ಹಾಲು, ವರ್ತನೆ ಹೂವು, ವರ್ತನೆಯವಳು. ನಿನಗೆ ಈಗ ಬೇಕಾಗಿರೋದು ಅದೇ, ಇನ್ನೊಂದು ಮಾಲ್ ಅಲ್ಲ. ಎರಡು ತಿಂಗಳು ಊರು ಸುತ್ತೋದನ್ನು ನಿಲ್ಲಿಸು. ಪಿಜಿ ಹತ್ತಿರ ಒಂದು ಎಳನೀರು ಗಾಡಿ, ಒಬ್ಬ ಹಣ್ಣಿನವರು, ಒಬ್ಬ ಸೊಪ್ಪಿನಜ್ಜಿ ನೋಡಿಕೋ. ಒಂದೇ ದಿನ, ಒಂದೇ ಹೊತ್ತು ಹೋಗು. ವಿಜಯನಗರದಲ್ಲೇ ಇದ್ದೀಯ, ಹಂಪಿನಗರದ ಕೇಂದ್ರ ಗ್ರಂಥಾಲಯ ನಡೆಯುವಷ್ಟು ದೂರ. ಅಲ್ಲಿ ಒಂದೇ ಕುರ್ಚಿಯಲ್ಲಿ ಕೂತು ಓದು. ಆ ಕುರ್ಚಿಯಲ್ಲಿ ಬೇರೆ ಯಾರಾದರೂ ಕೂತರೆ ನಿನಗೆ ಸಿಟ್ಟು ಬರಬೇಕು, ಅಲ್ಲಿವರೆಗೆ. ಹತ್ತು ನಿಮಿಷಕ್ಕೆ ಸಾಮಾನು ತಂದುಕೊಡೋ ಆ್ಯಪ್ ನನ್ನ ಫೋನಿನಲ್ಲೂ ಇದೆ, ಮಂಡಿನೋವಿನವಳು ನಾನು. ಆದರೆ ಅದು ಜ್ವರ ಬಂದಿತ್ತಾ ಅಂತ ಕೇಳಲ್ಲ.

ಪ್ರಶ್ನೆ: ಬೆಂಗಳೂರಿನ ಹೋಟೆಲ್ ಸಾಂಬಾರಿಗೆ ಬೆಲ್ಲ ಯಾಕೆ ಹಾಕ್ತಾರೆ? ಸಾಂಬಾರೋ ಪಾಯಸವೋ ತಿಳಿಯಲ್ಲ.
— ಖಾರದವನು, ಗುಂತಕಲ್ ರಸ್ತೆ, ಬಳ್ಳಾರಿ

ಉತ್ತರ: ಹೋಟೆಲ್ ಕಟ್ಟಿದವರಲ್ಲಿ ಅನೇಕರು ಉಡುಪಿ ಕಡೆಯವರು, ಅವರ ಕೈರುಚಿ ಅದು. ನಾನೂ ಮೊದಲ ವರ್ಷ ಬೈದೆ. ಎರಡನೇ ವರ್ಷ ಸುಮ್ಮನಾದೆ. ಈಗ ಊರಿಗೆ ಹೋದಾಗ ತಂಗಿ ಮಾಡಿದ ಸಾರಿಗೆ ಚೂರು ಬೆಲ್ಲ ಹಾಕು ಅಂದೆ ಅಂತ ಅವಳು ಮೂರು ದಿನ ಮಾತು ಬಿಟ್ಟಳು.

ಪ್ರಶ್ನೆ: ನಾನು ಯಾದಗಿರಿ ಹುಡುಗ. ಪಿಜಿ ಊಟ ಸೇರಲ್ಲ. ಹೊರಗೆ ತಿನ್ನೋಣ ಅಂದರೆ ಒಬ್ಬನೇ ಹೋಟೆಲಿಗೆ ಹೋಗೋಕೆ ನಾಚಿಕೆ. ಎಲ್ಲರೂ ಗುಂಪಿನಲ್ಲಿ ಇರ್ತಾರೆ, ನನ್ನನ್ನೇ ನೋಡ್ತಾರೆ ಅನ್ನಿಸುತ್ತೆ. ಏನು ಮಾಡಲಿ?
— ಒಂಟಿ, ಮಾರತಹಳ್ಳಿ

ಉತ್ತರ: ತಮ್ಮಾ, ಮೇಜು ಕುರ್ಚಿ ಇರೋ ಹೋಟೆಲಿಗೆ ಯಾಕೆ ಹೋಗ್ತೀಯ? ದರ್ಶಿನಿಗೆ ಹೋಗು. ಒಬ್ಬರೇ ತಿನ್ನೋರಿಗೆ ಅಂತಲೇ ದೇವರು ಕಳಿಸಿದ ವ್ಯವಸ್ಥೆ ಅದು. 1980ರ ದಶಕದಲ್ಲಿ ಜಯನಗರದಲ್ಲಿ ಶುರುವಾಗಿ ಇಡೀ ಊರಿಗೆ ಹಬ್ಬಿತು. ದುಡ್ಡು ಕೊಟ್ಟು ಟೋಕನ್ ತಗೋ, ಕೌಂಟರಿಗೆ ಕೊಡು, ತಟ್ಟೆ ತಗೊಂಡು ಎತ್ತರದ ಸ್ಟೀಲ್ ಮೇಜಿನ ಹತ್ತಿರ ನಿಂತು ತಿನ್ನು. ಅಲ್ಲಿ ಯಾರೂ ಯಾರನ್ನೂ ನೋಡಲ್ಲ. ಎಲ್ಲರ ಕಣ್ಣೂ ಚಟ್ನಿ ಮೇಲೆ.

ಮಾತು ಮಾತ್ರ ಸ್ವಲ್ಪ ಕಲಿತುಕೊಂಡು ಹೋಗು. ಇಡ್ಲಿ ವಡೆ ಅಂದ ತಕ್ಷಣ "ಡಿಪ್ಪಾ, ಸಪರೇಟಾ?" ಅಂತ ಬರುತ್ತೆ. ಡಿಪ್ ಅಂದರೆ ಸಾಂಬಾರಿನಲ್ಲಿ ಮುಳುಗಿಸಿ ಕೊಡ್ತಾರೆ. ಯೋಚನೆ ಮಾಡುತ್ತಾ ನಿಂತರೆ ಹಿಂದಿನವರು ಕೆಮ್ಮುತ್ತಾರೆ. ಚೌಚೌ ಬಾತ್ ಅಂದರೆ ಹೊಸ ತಿಂಡಿ ಏನಲ್ಲ, ಖಾರಾಬಾತ್ ಮಗ್ಗುಲಲ್ಲಿ ಕೇಸರಿಬಾತ್. ಯಾವುದರಿಂದ ಶುರು ಮಾಡಬೇಕು ಅನ್ನೋದರ ಬಗ್ಗೆ ಈ ಊರಿನಲ್ಲಿ ಎರಡು ಪಂಗಡ ಇವೆ. ನಾನು ಖಾರದಿಂದ ಶುರು ಮಾಡಿ ಸಿಹಿಯಲ್ಲಿ ಮುಗಿಸೋ ಪಂಗಡ. ಉಳಿದವರದ್ದು ತಪ್ಪು.

ಒಂಟಿಯಾಗಿದ್ದರೆ ಸಿಗದೇ ಇರೋದು ಒಂದೇ, ಬೈ ಟೂ ಕಾಫಿ. ಅದೂ ನನಗೆ ಸಿಕ್ಕಿದೆ. ಒಂದು ಬೆಳಿಗ್ಗೆ ಬಸವನಗುಡಿಯ ಒಂದು ಕೌಂಟರಿನಲ್ಲಿ ನಿಂತಿದ್ದೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬರು, ಮಂಕಿ ಟೋಪಿ, ಕೈಯಲ್ಲಿ ಹಾಲಿನ ಚೀಲ. ನನ್ನ ಕಡೆ ತಿರುಗಿ "ಮೇಡಂ, ಬೈ ಟೂ ಮಾಡೋಣ್ವಾ? ಡಾಕ್ಟ್ರು ಅರ್ಧ ಕಾಫಿನೇ ಹೇಳಿದ್ದಾರೆ" ಅಂದರು. ಮಾಡಿದೆವು. ಅವರು ಚಿಲ್ಲರೆ ಎಣಿಸಿ ತಮ್ಮ ಪಾಲು ನನ್ನ ಅಂಗೈಗೆ ಹಾಕಿದರು. ಹೆಸರು ಕೇಳಲಿಲ್ಲ, ಹೇಳಲಿಲ್ಲ. ಆಮೇಲೆ ಸುಮಾರು ಒಂದು ವರ್ಷ, ಬುಧವಾರ ಶನಿವಾರ, ನಮ್ಮದು ಬೈ ಟೂ ನಡೀತು. ಮಾತು ಅಂದರೆ ಇವತ್ತು ಡಿಕಾಕ್ಷನ್ ತೆಳು, ಇವತ್ತು ಪರವಾಗಿಲ್ಲ, ಅಷ್ಟೇ. ನಾಚಿಕೆ ಬಿಟ್ಟು ಹೋಗು. ಎರಡನೇ ವಾರಕ್ಕೆ ಕೌಂಟರಿನವನು ನಿನ್ನನ್ನು ನೋಡಿದ ತಕ್ಷಣ ದೋಸೆ ಕೂಗ್ತಾನೆ. ಆಗ ಇಡ್ಲಿ ಬೇಕು ಅಂತ ಹೇಳೋಕೆ ನಿನಗೇ ಬೇಜಾರಾಗುತ್ತೆ, ನೋಡು.

ಪ್ರಶ್ನೆ: ಈ ಊರಿನಲ್ಲಿ ನಿಮಗೆ ಇಷ್ಟವಾದ ಸದ್ದು ಯಾವುದು? ಹಾರ್ನ್ ಬಿಟ್ಟು ಹೇಳಿ.
— ಮಲ್ಲೇಶ್ವರದ ಓದುಗ

ಉತ್ತರ: ಬೆಳಗಿನ ಜಾವ ನಲ್ಲಿಯಲ್ಲಿ ಬರೋ ಗಾಳಿ. ದಿನ ಬಿಟ್ಟು ದಿನ ನೀರು ಬರೋ ಬೀದಿಯಲ್ಲಿ ಬಾಳಿದವರಿಗೆ ಮಾತ್ರ ಇದು ಅರ್ಥವಾಗುತ್ತೆ. ರಾತ್ರಿ ನಲ್ಲಿ ತಿರುಗಿಸಿಟ್ಟು, ಕೆಳಗೆ ಬಕೆಟ್ ಇಟ್ಟು ಮಲಗೋದು. ಮೊದಲು ಫುಸ್ ಅನ್ನುತ್ತೆ. ಆಮೇಲೆ ಮುದುಕರ ಹಾಗೆ ಎರಡು ಸಲ ಕೆಮ್ಮುತ್ತೆ. ಆಮೇಲೆ ದಡದಡ. ಅಷ್ಟರಲ್ಲಿ ಮನೆ ಓನರ್ ಹೆಂಡತಿ ನನ್ನ ಬಾಗಿಲು ಬಡಿದು "ನೀರು ಬಂತೂ" ಅಂತ ಕೂಗ್ತಿದ್ದರು. ಬಾಡಿಗೆ ಒಂದು ದಿನ ತಡವಾದರೆ ಮುಖ ಊದಿಸಿಕೊಳ್ತಿದ್ದ ಹೆಂಗಸು, ನೀರಿನ ವಿಷಯದಲ್ಲಿ ಮಾತ್ರ ಒಂದು ದಿನ ತಪ್ಪಿಸಲಿಲ್ಲ. ಆ ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್, ಅದೂ ಗುಡ್ಡ ಹತ್ತಿಸಿದ ಹಾಗೆ ಪಂಪಿನಲ್ಲಿ ಮೇಲೆ ಮೇಲೆ ತಳ್ಳಿಸಿಕೊಂಡು ಬರ್ತಾಳೆ. ಕೆಮ್ಮದೆ ಇನ್ನೇನು ಮಾಡ್ತಾಳೆ.

ಪ್ರಶ್ನೆ: ದಾವಣಗೆರೆಯಲ್ಲಿ ನಲವತ್ತು ವರ್ಷ ಸಂಸಾರ ಮಾಡಿದೆ. ಯಜಮಾನರು ಹೋದ ಮೇಲೆ ಮಗ ಕರೆದುಕೊಂಡು ಬಂದ. ವೈಟ್‌ಫೀಲ್ಡ್ ಹತ್ತಿರ ಒಂಬತ್ತನೇ ಮಹಡಿ. ಮಗ ಸೊಸೆ ಒಳ್ಳೆಯವರು, ಆದರೆ ಬೆಳಿಗ್ಗೆ ಹೋದರೆ ರಾತ್ರಿ ಬರ್ತಾರೆ. ಅಕ್ಕಪಕ್ಕದವರು ಹಿಂದಿ, ಇಂಗ್ಲಿಷು. ಕಿಟಕಿಯಲ್ಲಿ ನೋಡಿದರೆ ಜನ ಇರುವೆ ಹಾಗೆ ಕಾಣ್ತಾರೆ. ಮಾತು ಮರೆತು ಹೋಗುತ್ತೇನೋ ಅಂತ ಭಯ.
— ಒಬ್ಬ ತಾಯಿ

ಉತ್ತರ: ಅಕ್ಕಾ, ನಿಮ್ಮ ಪತ್ರಕ್ಕೆ ಎರಡು ದಿನ ಉತ್ತರ ಬರೆಯೋಕಾಗಲಿಲ್ಲ. ನಮ್ಮ ಅವ್ವ ನೆನಪಾದಳು. ಅಪ್ಪ ಹೋದ ಮೇಲೆ 2004ರಲ್ಲಿ ಅವಳನ್ನು ನಾನು ಕರೆತಂದೆ. ಎರಡನೇ ಮಹಡಿ ಅಷ್ಟೇ, ಆದರೂ ಮೂರು ವಾರ ಕೆಳಗಿಳಿಯಲಿಲ್ಲ. ಯಾರ ಮನೆಗೆ ಹೋಗ್ಲಿ, ಏನಂತ ಹೋಗ್ಲಿ ಅಂತಿದ್ದಳು. ನಾನು ಕೆಲಸದ ಗಡಿಬಿಡಿಯಲ್ಲಿ ಟಿವಿ ಹಾಕಿ ಕೊಟ್ಟು ಹೋಗ್ತಿದ್ದೆ. ಈಗ ಅದು ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಅವ್ವ ಬೆಳಿಗ್ಗೆ ಏಳಕ್ಕೆ ರೊಟ್ಟಿ ಬಡೀತಿದ್ದಳು. ಒಂದು ದಿನ ಬಾಗಿಲು ತಟ್ಟಿದ ಸದ್ದಾಯ್ತು. ಎದುರುಗಡೆ ಕಟ್ಟಡ ಕಾಯೋನ ಹೆಂಡತಿ. ಸೊಂಟದಲ್ಲಿ ಕೂಸು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆ ನಿಂತು ಕೇಳಿದಳು: "ಯವ್ವಾ, ಯಾ ಊರವ್ರಿ ನೀವು? ದಿನಾ ಸಪ್ಪಳ ಕೇಳ್ತಿದ್ದೆ. ನಮ್ಮ ಕಡೆಯವರ ಕೈನೇ ಇದು ಅಂತ ಗೊತ್ತಾತ್ರಿ." ಲಿಂಗಸೂಗೂರು ಕಡೆಯವಳು. ಅವ್ವ ಕೈಗೆ ಮೆತ್ತಿದ ಹಿಟ್ಟಿನಲ್ಲೇ ಅವಳ ಕೂಸಿನ ಗಲ್ಲ ಹಿಡಿದಳು. ಆವತ್ತಿಂದ ಕೆಳಗಿಳಿದಳು ನೋಡಿ, ಆಮೇಲೆ ಮೇಲೆ ಹತ್ತಿಸೋದೇ ಕಷ್ಟವಾಯ್ತು. ಆ ಬೀದಿಯಲ್ಲಿ ನಾನು ಹತ್ತು ವರ್ಷದಲ್ಲಿ ತಿಳಿದುಕೊಳ್ಳದ ಸುದ್ದಿ ಅವಳಿಗೆ ಆರು ತಿಂಗಳಲ್ಲಿ ಗೊತ್ತಿತ್ತು.

ಒಂಬತ್ತನೇ ಮಹಡಿಗೆ ರೊಟ್ಟಿ ಸಪ್ಪಳ ಯಾರಿಗೂ ಕೇಳಲ್ಲ, ನಿಜ. ಆದ್ದರಿಂದ ನೀವೇ ಇಳಿಯಬೇಕು. ಅಕ್ಕಪಕ್ಕದ ಬಾಗಿಲು ಬಿಡಿ. ಗೇಟಿನ ಹತ್ತಿರ ಹೋಗಿ. ಕೆಲಸಕ್ಕೆ ಬರೋ ಹೆಣ್ಣುಮಕ್ಕಳು, ಇಸ್ತ್ರಿ ಗಾಡಿಯವರು, ಗಿಡಕ್ಕೆ ನೀರು ಹಾಕೋರು, ಇವರಲ್ಲಿ ಕನ್ನಡದವರು ಇದ್ದೇ ಇರ್ತಾರೆ. ರಾಯಚೂರೋ ಕಲಬುರಗಿಯೋ ಮಂಡ್ಯವೋ. ಅವರೂ ಊರು ಬಿಟ್ಟು ಬಂದವರೇ. ಯಾವೂರು ಅಂತ ಕೇಳಿ ಸಾಕು, ಮಿಕ್ಕದ್ದು ತಾನೇ ಬರುತ್ತೆ.

ಇನ್ನೊಂದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಬಿಎಂಟಿಸಿಯಲ್ಲೂ. ಆಧಾರ್‌ನಲ್ಲಿ ದಾವಣಗೆರೆ ವಿಳಾಸ ಇದ್ದರೂ ಆಗುತ್ತೆ, ಕರ್ನಾಟಕದ್ದಾಗಿರಬೇಕು ಅಷ್ಟೇ. ಎಸಿ ಬಸ್ಸು ಹತ್ತಬೇಡಿ, ಅದಕ್ಕೆ ಅನ್ವಯಿಸಲ್ಲ. ಶೂನ್ಯದ ಟಿಕೆಟ್ ಕೊಡ್ತಾರೆ, ಮರೀದೆ ತಗೊಳ್ಳಿ. ಮೊದಲ ದಿನ ಎರಡೇ ಸ್ಟಾಪ್ ಹೋಗಿ ವಾಪಸ್ ಬನ್ನಿ. ಮರುದಿನ ನಾಲ್ಕು. ಕಿಟಕಿ ಪಕ್ಕ ಕೂತು ಬೋರ್ಡು ಓದಿ. ಬಸ್ಸಿನಲ್ಲಿ ಪಕ್ಕದವರು ಮಾತಾಡಿಸದೆ ಬಿಡಲ್ಲ. ಮೇಲಿಂದ ಇರುವೆ ಹಾಗೆ ಕಾಣೋರು ಇವರೇ. ಮಗನಿಗೆ ಹೇಳಿ ಹೋಗಿ, ಒಪ್ಪಿಗೆ ಕೇಳೋದು ಬೇಡ. ಮುಂದಿನ ತಿಂಗಳು ಎಲ್ಲಿವರೆಗೆ ಹೋದಿರಿ ಅಂತ ನನಗೆ ಬರೀಬೇಕು.

ಪ್ರಶ್ನೆ: ಮೆಟ್ರೋ ಇರುವಾಗ ನೀವು ಇನ್ನೂ ಬಸ್ಸು ಬಸ್ಸು ಅಂತೀರಲ್ಲ, ಯಾಕೆ?
— ಅವಸರದವನು, ಯಲಚೇನಹಳ್ಳಿ

ಉತ್ತರ: ಅವಸರ ಇದ್ದರೆ ನಾನೂ ಮೆಟ್ರೋನೇ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಶುರುವಾದ ವಾರದಲ್ಲೇ, ಯಾವ ಕೆಲಸವೂ ಇಲ್ಲದೆ, ಹೋಗಿ ಬಂದವಳು. ಆದರೆ ಯುಗಾದಿ ಆಸುಪಾಸಿನಲ್ಲಿ ಬಸವನಗುಡಿ ಕಡೆ ಹೊಂಗೆ ಹೂವು ಉದುರಿ ಫುಟ್‌ಪಾತ್ ತುಂಬಾ ಅರಳು ಚೆಲ್ಲಿದ ಹಾಗಿರುತ್ತೆ. ಮೆಟ್ರೋದಲ್ಲಿ ಹೋದರೆ ಅದು ಕಾಣುತ್ತಾ? ಟಿಕೆಟ್ ಹಿಂದೆ ಕಂಡಕ್ಟರ್ ಚಿಲ್ಲರೆ ಬಾಕಿ ಬರೆದು ಕೊಡೋದು, ಇಳಿಯೋವಾಗ ಅದನ್ನು ಕೇಳೋಕೆ ಮರೆತು ಫುಟ್‌ಪಾತಿನಲ್ಲಿ ನಿಂತು ಹಣೆ ಚಚ್ಚಿಕೊಳ್ಳೋದು, ಇದು ಬೆಂಗಳೂರಿನವರ ಪಾಲಿಗೆ ಬರೆದದ್ದು. ಈಗ ಫೋನಿನಲ್ಲೇ ದುಡ್ಡು ಕಟ್ಟಬಹುದು, ಆ ಸಂಕಟವೂ ಹೋಯ್ತು.

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ಕಡಲೆಕಾಯಿ ಪರಿಷೆ ಕಾರ್ತಿಕದ ಮೊದಲ ಸೋಮವಾರ ಅಂತ ಬರೆದಿದ್ದೀರಿ. ಕೊನೆಯ ಸೋಮವಾರ. ಬಸವನಗುಡಿಯ ಸುತ್ತಮುತ್ತಲೇ ಇಷ್ಟು ವರ್ಷ ಇದ್ದು ಇದು ಗೊತ್ತಿಲ್ವೇ?
— ಹಳೇ ನಿವಾಸಿ

ಉತ್ತರ: ತಪ್ಪಾಯ್ತು. ಕೊನೆಯ ಸೋಮವಾರವೇ. ಗೊತ್ತಿದ್ದೂ ಕೈ ತಪ್ಪು ಬರೀತು. ಆದರೆ ನೀವು "ಗೊತ್ತಿಲ್ವೇ" ಅಂತ ಬೈದದ್ದು ಓದಿ ಒಳಗೊಳಗೇ ಖುಷಿಯಾಯ್ತು. ಹೊಸಬರು ತಪ್ಪಿದರೆ ಯಾರೂ ಹಾಗೆ ಬೈಯಲ್ಲ. ಈ ಸಲ ಪರಿಷೆಯಲ್ಲಿ ಸಿಕ್ಕರೆ ಒಂದು ಸೇರು ನನ್ನ ಲೆಕ್ಕದಲ್ಲಿ. ಸೇರಿನ ಮೇಲೆ ಗೋಪುರ ನಿಲ್ಲಿಸಿ, ಅದರ ಮೇಲೆ ಒಂದು ಹಿಡಿ ಸುರಿಯೋರ ಹತ್ತಿರವೇ ಕೊಡಿಸ್ತೀನಿ. ಅವರು ಎಲ್ಲಿ ಕೂರ್ತಾರೆ ಅಂತ ನನಗೆ ಗೊತ್ತು.

ಪ್ರಶ್ನೆ: ನಿಮ್ಮ ಅಂಕಣದಲ್ಲಿ ಬರೀ ಬೆಂಗಳೂರು. ನಾನು ಅಂಕೋಲಾದವಳು, ಮದುವೆಯಾಗಿ ಮುಂಬೈ ಸೇರಿ ಮೂರು ತಿಂಗಳಾಯ್ತು. ನಮ್ಮಂಥವರು ಏನು ಮಾಡಬೇಕು?
— ಕಡಲ ಮಗಳು, ಡೊಂಬಿವಲಿ

ಉತ್ತರ: ಮುಂಬೈನಲ್ಲಿ ನಾನು ನೆಂಟಳೇ, ನಾಲ್ಕೈದು ಸಲ ಹೋಗಿ ಬಂದವಳು. ಹೋದಾಗೆಲ್ಲ ಮಾಟುಂಗಾದಲ್ಲಿ ಇಳಿದಿದ್ದೀನಿ. ನಿನ್ನದು ಸೆಂಟ್ರಲ್ ಲೈನೇ, ಸ್ಲೋ ಲೋಕಲ್ ಹಿಡಿದರೆ ನೇರ ಹೋಗಬಹುದು. ಆ ಸ್ಟೇಷನ್ನನ್ನು 2017ರಿಂದ ಹೆಂಗಸರೇ ನಡೆಸ್ತಾರೆ, ನಮ್ಮ ದೇಶದಲ್ಲಿ ಹಾಗೆ ಶುರುವಾದದ್ದು ಅಲ್ಲೇ ಮೊದಲು. ಸ್ಟೇಷನ್ ಪಕ್ಕದಲ್ಲೇ 1942ರಿಂದ ನಡೀತಿರೋ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, ಬಾಳೆ ಎಲೆ ಊಟ. ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗು. ಹತ್ತಿರದಲ್ಲೇ ಮೈಸೂರು ಅಸೋಸಿಯೇಷನ್, 1926ರದ್ದು, ಕನ್ನಡ ನಾಟಕ, ಉಪನ್ಯಾಸ ನಡೆಯುತ್ತಿರುತ್ತೆ. ಅಲ್ಲಿಗೆ ಹೋಗೋ ದಾರಿಯಲ್ಲಿ ದೇವಸ್ಥಾನದ ಹತ್ತಿರ ಹೂವಿನವರು ಕೂತಿರ್ತಾರೆ. ಎಲ್ಲರದ್ದೂ ನೋಡು, ಒಬ್ಬರನ್ನು ಹಿಡಿದುಕೋ. ಗಿಡ್ಡ ಕೈಯವರಾದರೂ ಪರವಾಗಿಲ್ಲ.

ಅಲ್ಲಿ ಮಲ್ಲಿಗೆ ಹೇಗೆ ಕೊಡ್ತಿದ್ದಾರೆ ಅಂತ ಬರೆದು ತಿಳಿಸು. ಇಲ್ಲಿ ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತು, ಮೊಳದ ರೇಟು ಕೇಳೋ ಹಾಗಿಲ್ಲ.